ಹಲಸು ಹೆಚ್ಚಾದಾಗ

ಮಳೆಗಾಲ ಬಂತೆಂದರೆ ಫಳ್ನೀರಿನಲ್ಲಿ ಹಿತ್ತಿಲು ಉಳಿದ ಮನೆಗಳಿಗೆ ಒಂದೇ ಚಿಂತೆ: ಒಮ್ಮೆಗೇ ಹಣ್ಣಾದ ಹಲಸನ್ನು ಏನು ಮಾಡುವುದು? ನೆರೆಯ ಕೇರಳವು 2018ರಲ್ಲಿ ರಾಜ್ಯಫಲವೆಂದು ಸಾರಿದ ಹಣ್ಣು ನಮ್ಮಲ್ಲಿ ಮರದಡಿಯೇ ಕೊಳೆಯಬೇಕೆ?

ವಾಚಕರು ಮೊದಲು ಜಾತಿಯನ್ನು ನೋಡಬೇಕು. ತುಳುವೆಯ ತೊಳೆ ಮೆದು, ರಸ ಹೆಚ್ಚು, ಇಟ್ಟರೆ ನಿಲ್ಲದು. ನೆನೆಸಿದ ಅಕ್ಕಿಯೊಡನೆ ರುಬ್ಬಿ, ತೇಗದೆಲೆಯಲ್ಲಿ ಮಡಿಸಿ, ಹಬೆಯಲ್ಲಿ ಗಟ್ಟಿ ಬೇಯಿಸಿ ಅಂದೇ ತಿನ್ನಿರಿ.

ಬಿರುಸಾದ ಬಕ್ಕೆ ಬೆರಟಿಗೆ ಲೇಸು. ತೊಳೆಯನ್ನು ಬೇಯಿಸಿ, ಅರೆದು, ಸಣ್ಣ ಉರಿಯಲ್ಲಿ ತಳ ಬಿಡುವವರೆಗೂ ಮಗುಚಿರಿ. ನೀರಾರಿದಂತೆ ಹಣ್ಣಿನ ಸಿಹಿ ತಾನೇ ದಟ್ಟವಾಗುವುದು. ಆದುದರಿಂದ ಬೆಲ್ಲವನ್ನು ಕೊನೆಗೆ, ರುಚಿ ನೋಡಿಯೇ ಹಾಕಬೇಕು. ಬೂಷ್ಟು ಹಿಡಿಯುವುದು ನೀರಿನ ಪಸೆಯಿಂದ. ಪೂರ್ತಿ ತಣಿಸಿ ಒಣ ಭರಣಿಯಲ್ಲಿ ತುಂಬಿಟ್ಟರೆ, ಹಲಸಿಲ್ಲದ ದೀಪಾವಳಿಗೂ ತೆಂಗಿನ ಹಾಲಿನ ಪಾಯಸಕ್ಕೆ ಒದಗುವುದು.