ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಯಲ್ಲಿ ಓದುವ ಮಕ್ಕಳಿದ್ದಾರೆ. ಪ್ರಯೋಗಾಲಯಕ್ಕೆ ಕಾಲಿಟ್ಟಾಗ ಅವರಿಗೆ ಎರಡು ಪದಗಳು ಎದುರಾಗುತ್ತವೆ: 'ಸಂಹತ' ಮತ್ತು 'ವಿರಲ'. ಸಂಹತ ಎಂದರೆ ಗಾಢವಾದದ್ದು, ವಿರಲ ಎಂದರೆ ನೀರು ಬೆರೆಸಿ ತೆಳುವಾಗಿಸಿದ್ದು. ಕನ್ನಡ ಪಠ್ಯಪುಸ್ತಕದಲ್ಲಿ ಇದೇ 'ಸಾರರಿಕ್ತ'. ಕನ್ನಡದ 'ವಿರಳ', ಅಂದರೆ ಅಪರೂಪ, ಎಂಬ ಅರ್ಥವನ್ನು ಇಲ್ಲಿ ಹಿಡಿಯಬಾರದು. ಬಾಟಲಿಯ ಚೀಟಿ ತಪ್ಪಾಗಿ ಓದಿದರೆ ಕಣ್ಣಿಗೇ ಕುತ್ತು.

ಲೆಕ್ಕ ಮಾತ್ರ ಸುಲಭ. ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಬೆರೆಸಿದರೆ ನಾಲ್ಕು ಲೋಟ ಮಜ್ಜಿಗೆಯಾಗುತ್ತದೆ. ಮೊಸರು ಇದ್ದಷ್ಟೇ, ಅದರ ಗಟ್ಟಿತನ ಮಾತ್ರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದ್ರಾವಣಕ್ಕೂ ಇದೇ ಸೂತ್ರ: ಮೊದಲಿನ ಪ್ರಬಲತೆ × ಮೊದಲಿನ ಅಳತೆ = ನಂತರದ ಪ್ರಬಲತೆ × ನಂತರದ ಅಳತೆ. ಬಾಟಲಿಯ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್ ಇರುತ್ತದೆ. ಅದರಿಂದ 1.2 ಮೋಲಾರ್‌ನ 250 ಮಿ.ಲೀ. ತಯಾರಿಸಲು 25 ಮಿ.ಲೀ. ಸಾಕು.

ಕಷ್ಟವಿರುವುದು ಬೆರೆಸುವ ಕ್ರಮದಲ್ಲಿ. ಗಾಢ ಸಲ್ಫ್ಯೂರಿಕ್ ಆಮ್ಲ ನೀರಿಗಿಂತ ಸುಮಾರು 1.84 ಪಟ್ಟು ಭಾರ. ಅದಕ್ಕೆ ನೀರು ಸುರಿದರೆ ನೀರು ಮೇಲೆಯೇ ನಿಂತು, ಎರಡೂ ಸೇರುವ ಜಾಗದಲ್ಲಿ ಹುಟ್ಟುವ ಶಾಖಕ್ಕೆ ಕುದಿದು, ಆಮ್ಲವನ್ನೂ ಹೊತ್ತು ಮುಖಕ್ಕೆ ಸಿಡಿಯುತ್ತದೆ. ತಣ್ಣೀರಿಗೆ ಆಮ್ಲ ಹಾಕಿದರೆ ಅದು ಕೆಳಗಿಳಿದು ಬೆರೆಯುತ್ತದೆ, ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ.

ಆದ್ದರಿಂದ ಕನ್ನಡಕ, ಕೈಗವಸು ಹಾಕಿಕೊಂಡು, ಮೊದಲು ಬೀಕರ್‌ನಲ್ಲಿ ನೀರು ತೆಗೆದುಕೊಳ್ಳಬೇಕು. ಗಾಜಿನ ಕಡ್ಡಿಯಿಂದ ಕಲಕುತ್ತ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಪೂರ್ತಿ ತಣ್ಣಗಾದ ಮೇಲೆ ಅಳತೆಯ ಫ್ಲಾಸ್ಕಿಗೆ ಹಾಕಿ, ಗೆರೆಯವರೆಗೆ ನೀರು ತುಂಬಬೇಕು. ಪಿಪೆಟ್ಟನ್ನು ಬಾಯಿಂದ ಎಳೆಯಲೇಬಾರದು. ಚರ್ಮಕ್ಕೆ, ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು.

'ಹಾಗಾದರೆ ಟ್ರ್ಯಾಕ್ಟರ್ ಬ್ಯಾಟರಿಗೆ ನೀರು ಹಾಕುತ್ತೇವಲ್ಲ?' ಎಂದು ಕೇಳುವವರಿದ್ದಾರೆ. ಬ್ಯಾಟರಿಯ ಆಮ್ಲ ಮೊದಲೇ ತೆಳುವಾದದ್ದು. ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಆಮ್ಲ, ಉಳಿದದ್ದು ನೀರು. ಬತ್ತಿದಷ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬುವುದರಿಂದ ಅದು ಸಿಡಿಯುವುದಿಲ್ಲ. ಬಾಟಲಿಯ ಗಾಢ ಆಮ್ಲಕ್ಕೆ ಈ ರಿಯಾಯಿತಿ ಇಲ್ಲ.

ಉಮರ್ಗಾದ ಕಾಲೇಜು ವಿದ್ಯಾರ್ಥಿಗಳಿಗೆ ಛತ್ರಪತಿ ಸಂಭಾಜಿನಗರದ ವಿಶ್ವವಿದ್ಯಾಲಯ, ನಿಲಂಗಾ, ಉದಗೀರದವರಿಗೆ ನಾಂದೇಡದ್ದು. ಆದರೆ ನಿಯಮ ಎಲ್ಲರಿಗೂ ಒಂದೇ. ಮರಾಠಿಯಲ್ಲಿ 'ಪಾಣ್ಯಾತ ಆಮ್ಲ', ಕನ್ನಡದಲ್ಲಿ 'ನೀರಿಗೆ ಆಮ್ಲ'. ಯಾವ ಭಾಷೆಯಲ್ಲಿ ನೆನಪಿಟ್ಟರೂ ಸರಿ, ತಿರುವುಮುರುವು ಆಗದಿರಲಿ.