ತಮ್ಮ ವೇಗದಲ್ಲಿ ಕಲಿಯುವ ಗಣಕಪಾಠ

ಪದವಿ ತರಗತಿಗಳು ಆರಂಭವಾಗುವ ದಿನಗಳಲ್ಲಿ ಗದಗಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಯಿಂದ ಬಂದಿಳಿಯುವ ತರುಣ ತರುಣಿಯರಲ್ಲಿ ಕೈಯಲ್ಲಿ ಮೊಬೈಲ್ ಇಲ್ಲದವರು ವಿರಳ. ಇದನ್ನು ಕಂಡ ಹಿರಿಯರು, ಈ ಪೀಳಿಗೆಗೆ ಗಣಕಯಂತ್ರದ ವಿಷಯವನ್ನು ಬೇರೆಯಾಗಿ ಕಲಿಸಬೇಕಾದ ಅಗತ್ಯವಿಲ್ಲವೆಂದು ಹೇಳುವುದುಂಟು. ನಾವೂ ಕೆಲಕಾಲ ಹಾಗೆಯೇ ನಂಬಿದ್ದೆವು.

ಆ ನಂಬಿಕೆಯನ್ನು ಕೆಡಿಸಿದವಳು ಶಿರಹಟ್ಟಿಯ ಕಡೆಯ ಒಬ್ಬ ವಿದ್ಯಾರ್ಥಿನಿ. ಆಕೆಯ ಶಿಷ್ಯವೇತನದ ಅರ್ಜಿ ಯಾವುದೋ ತಿದ್ದುಪಡಿಗಾಗಿ ಹಿಂದಿರುಗಿತ್ತು. ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿದ್ದವು. ಖಾತೆಯನ್ನು ತೆರೆದು ತೋರಿಸೆಂದಾಗ ಆಕೆ ಕ್ಷಣಕಾಲ ಸುಮ್ಮನಿದ್ದು, "ಪಾಸ್‌ವರ್ಡ್ ಅಂಗಡಿಯವ್ರ ಹತ್ರ ಐತ್ರಿ, ಸರ್" ಎಂದಳು. ಅರ್ಜಿ ತುಂಬಿಕೊಟ್ಟ ಅಂಗಡಿಯವನು ತನ್ನದೇ ಇ-ಮೇಲ್ ವಿಳಾಸವನ್ನು ಬರೆದು, ಪಾಸ್‌ವರ್ಡನ್ನು ತನ್ನ ನೋಟುಪುಸ್ತಕದಲ್ಲಿ ಇರಿಸಿಕೊಂಡಿದ್ದನು. ಅಂಗಡಿ ಅಂದು ಮದುವೆಯ ಸಲುವಾಗಿ ಮುಚ್ಚಿತ್ತು. ಕೊನೆಯ ದಿನದ ಸಂಜೆಗೆ ಹೇಗೋ ಕೆಲಸವಾಯಿತು. ಆದರೆ ದಿನಕ್ಕೆ ಗಂಟೆಗಟ್ಟಲೆ ಮೊಬೈಲ್ ಬಳಸುವ ಹುಡುಗಿ ತನ್ನ ಓದಿನ ಹಣದ ಬೀಗದಕೈಯನ್ನು ಪರರಲ್ಲಿ ಬಿಟ್ಟಿದ್ದಳೆಂಬುದು ನಮ್ಮನ್ನು ಬಹಳ ದಿನ ಕಾಡಿತು.

ಈ ಕೊರತೆಯನ್ನು ನೀಗಿಸುವ ಯತ್ನಗಳು ನಮ್ಮ ರಾಜ್ಯದಲ್ಲಿ ನಡೆದಿಲ್ಲವೆಂದಲ್ಲ. 2021-22ನೆಯ ಶೈಕ್ಷಣಿಕ ವರ್ಷದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ, ಹೊಸ ಪದವಿ ವಿದ್ಯಾರ್ಥಿಗಳಿಗಾಗಿ 'ಡಿಜಿಟಲ್ ಫ್ಲುಯೆನ್ಸಿ' ಎಂಬ ಎರಡು ಕ್ರೆಡಿಟ್‌ಗಳ ವಿಷಯವೊಂದನ್ನು ಸೇರಿಸಲಾಯಿತು. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಶ್ಲೇಷಣೆ, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಸುರಕ್ಷತೆ ಮೊದಲಾದವು ಅದರಲ್ಲಿದ್ದವು. 2024ರಲ್ಲಿ ರಾಜ್ಯ ಸರ್ಕಾರವು ಮೂರು ವರ್ಷದ ಪದವಿ ಪದ್ಧತಿಗೆ ಮರಳಿದಾಗ ಪಾಠಕ್ರಮಗಳೆಲ್ಲ ಮತ್ತೆ ಬದಲಾದವು. ಆ ವಿಷಯದ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಫೈಲನ್ನು ಎಲ್ಲಿ ಉಳಿಸಿದೆನೆಂದು ಹೇಳಲಾರದ ವಿದ್ಯಾರ್ಥಿಗೆ ಕ್ಲೌಡಿನ ಬಗೆಗಳನ್ನು ವಿವರಿಸುವುದು, ಮೆಟ್ಟಿಲನ್ನು ಬಿಟ್ಟು ಮಹಡಿಯನ್ನು ತೋರಿಸಿದಂತೆ ಎಂದು ನಮಗೆ ಆಗಲೇ ಅನ್ನಿಸಿತ್ತು.

ಇಂಥ ವಿಷಯಗಳನ್ನು ಈಗ ಬಹುವಾಗಿ ಜಾಲದ ಮೂಲಕ, ವಿದ್ಯಾರ್ಥಿಯು ತನ್ನ ವೇಗದಲ್ಲಿಯೇ ಕಲಿಯತಕ್ಕ ರೀತಿಯಲ್ಲಿ ಏರ್ಪಡಿಸುತ್ತಾರೆ. ಈ ಕಲ್ಪನೆ ಹೊಸದಲ್ಲ. ಅಮೆರಿಕೆಯ ಮನಶ್ಶಾಸ್ತ್ರಜ್ಞ ಫ್ರೆಡ್ ಕೆಲ್ಲರನು 1960ರ ದಶಕದಲ್ಲಿ ಬ್ರೆಜಿಲಿನ ಸಂಗಡಿಗರೊಡನೆ ಸೇರಿ ಇದನ್ನು ರೂಪಿಸಿ, 1968ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದನು. ಅವನ ಪದ್ಧತಿಯಲ್ಲಿ ಪಾಠವು ಸಣ್ಣ ಸಣ್ಣ ಘಟಕಗಳಾಗಿ ಒಡೆದಿರುತ್ತಿತ್ತು. ವಿದ್ಯಾರ್ಥಿ ಬೇಕಾದಷ್ಟು ಕಾಲ ತೆಗೆದುಕೊಳ್ಳಬಹುದು. ಆದರೆ ಒಂದು ಘಟಕವನ್ನು ಪೂರ್ಣವಾಗಿ ಅರಿತುದನ್ನು ತೋರಿಸಿದ ಹೊರತು ಮುಂದಿನದು ದೊರೆಯದು. ಹಾಗೆ ಪರೀಕ್ಷಿಸಲು ಅದೇ ಪಾಠವನ್ನು ಮುಗಿಸಿದ ಹಿರಿಯ ವಿದ್ಯಾರ್ಥಿಯೊಬ್ಬನು ಪಕ್ಕದಲ್ಲಿ ಕುಳಿತಿರುತ್ತಿದ್ದನು. ಜಾಲದ ಪಾಠಗಳು ಕೆಲ್ಲರನ ವೇಗದ ಸ್ವಾತಂತ್ರ್ಯವನ್ನು ಎತ್ತಿಕೊಂಡವು. ಪಕ್ಕದ ಮನುಷ್ಯನನ್ನು ಬಹುಮಟ್ಟಿಗೆ ಕೈಬಿಟ್ಟವು.

ಅದರ ಫಲವನ್ನು ಅಂಕಿಗಳಲ್ಲಿ ನೋಡಬಹುದು. ಮಂಗಳೂರಿನಲ್ಲಿ ಶಾಲೆ ಕಲಿತ ಅನಂತ ಅಗರ್ವಾಲರು 2012ರಲ್ಲಿ ಎಂ.ಐ.ಟಿ.ಯಿಂದ ವಿದ್ಯುನ್ಮಂಡಲಗಳ ಪಾಠವನ್ನು ಜಾಲದಲ್ಲಿ ಉಚಿತವಾಗಿ ನೀಡಿದಾಗ ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ತೇರ್ಗಡೆಯಾದವರು ಸುಮಾರು 7,000. ಮುಂದೆ ಎಂ.ಐ.ಟಿ. ಮತ್ತು ಹಾರ್ವರ್ಡ್‌ಗಳ ಇಂಥ ಪಾಠಗಳನ್ನೆಲ್ಲ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2017-18ರಲ್ಲಿ ಸೇರಿದವರ ಪೈಕಿ ಪಾಠವನ್ನು ಮುಗಿಸಿದವರು ನೂರಕ್ಕೆ ಮೂವರು ಮಾತ್ರ. ಕುತೂಹಲದಿಂದ ಇಣುಕಿ ಹೋಗುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ, ನಿಜ. ಆದರೂ ಬಿಡುವಾದಾಗ ಮಾಡೋಣವೆಂದ ಕೆಲಸಕ್ಕೆ ಬಿಡುವು ಬರುವುದು ಕಷ್ಟವೆಂಬುದು ಪ್ರಯೋಗಾಲಯದ ದಾಖಲೆ ಪುಸ್ತಕಗಳನ್ನು ತಿದ್ದುವ ನಮಗೆ ಚೆನ್ನಾಗಿ ತಿಳಿದಿದೆ.

ಮುಗಿಸಿದವರು ಕೂಡ ಕಲಿತಿರುವರೇ? ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ತರುವಾಯ ಪರೀಕ್ಷಿಸಿದಾಗ ಓದಿದವರು ಶೇಕಡ 83ರಷ್ಟು, ಬರೆದವರು 71ರಷ್ಟು ಹೇಳಿದರು. ಒಂದು ವಾರದ ಮೇಲೆ ಮಾತ್ರ ತಕ್ಕಡಿ ತಿರುಗಿತ್ತು: ಓದಿದವರಲ್ಲಿ ಉಳಿದುದು 40, ಬರೆದವರಲ್ಲಿ 61. ಚಿತ್ರಪಾಠವನ್ನು ಮತ್ತೆ ಮತ್ತೆ ನೋಡಿದವನಿಗೆ ತನಗೆಲ್ಲವೂ ಗೊತ್ತೆಂಬ ಭಾವನೆ ಬರುವುದು ಆ ಮೊದಲ ಐದು ನಿಮಿಷದ ಮಹಿಮೆ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಲಾಳಿಯ ಓಟವನ್ನು ಹುಟ್ಟಿದಂದಿನಿಂದ ನೋಡಿದ ಮಗುವೂ ಮಗ್ಗಕ್ಕೆ ಕುಳಿತ ಮೊದಲ ದಿನ ಎಳೆ ಹರಿಯುತ್ತದೆ.

ಇದನ್ನೆಲ್ಲ ಯೋಚಿಸಿ ನಮ್ಮ ಕಾಲೇಜಿನ ಹೊಸ ವಿದ್ಯಾರ್ಥಿಗಳಿಗಾಗಿ ನಾವು ಒಂದು ಚಿಕ್ಕ ಪಾಠಕ್ರಮವನ್ನು ಹೊಂದಿಸಿದೆವು. ಪ್ರತಿ ಘಟಕಕ್ಕೂ ಒಂದು ಕೆಲಸ. ಅದನ್ನು ಎರಡನೆಯ ವರ್ಷದ ವಿದ್ಯಾರ್ಥಿಯ ಎದುರಿಗೆ ಮಾಡಿ ತೋರಿಸಬೇಕು. ವೇಗ ಅವರವರದು, ಆದರೆ ಕಡೆಯ ದಿನಾಂಕ ನಮ್ಮದು. ಮೊದಲನೆಯ ಘಟಕ ಬೀಗದಕೈ: ಸ್ವಂತ ಇ-ಮೇಲ್ ತೆರೆದು, ಗಟ್ಟಿ ಪಾಸ್‌ವರ್ಡೊಂದನ್ನು ರಚಿಸುವುದು. ಹಲವರು ಜನ್ಮದಿನಾಂಕವನ್ನೇ ಬಳಸುತ್ತಾರೆ. ಹುಟ್ಟಿದ ವರ್ಷವನ್ನು ಐದು ವರ್ಷಗಳ ಅಂತರದಲ್ಲಿ ಊಹಿಸಬಲ್ಲವನಿಗೆ ಪ್ರಯತ್ನಿಸಬೇಕಾದ ದಿನಾಂಕಗಳು ಸುಮಾರು 1,826 ಮಾತ್ರ. ಮನಬಂದಂತೆ ಆಯ್ದ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಾದರೆ 20,000 ಕೋಟಿಗೂ ಮಿಕ್ಕ ಸಂಯೋಗಗಳು. ಈ ಗುಣಾಕಾರವನ್ನು ಅವರಿಂದಲೇ ಮಾಡಿಸಿದೆವು.

ಎರಡನೆಯದು ಫೈಲಿನ ತೂಕ. ಮೊಬೈಲಿನ ಚಿತ್ರವೊಂದು ಅಡ್ಡ 4,000, ಉದ್ದ 3,000 ಬಿಂದುಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಬಿಂದುಗಳು. ಬಿಂದುವಿಗೆ ಮೂರು ಬೈಟಿನಂತೆ 3 ಕೋಟಿ 60 ಲಕ್ಷ ಬೈಟು; ಮೊಬೈಲು ಅದನ್ನು ಅಡಕಗೊಳಿಸಿ ಸುಮಾರು 40 ಲಕ್ಷಕ್ಕೆ, ಅಂದರೆ 4 ಮೆಗಾಬೈಟಿಗೆ ಇಳಿಸಿತೆನ್ನೋಣ. ಬೈಟಿಗೆ ಎಂಟು ಬಿಟ್. ಸೆಕೆಂಡಿಗೆ 2 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಅದು ಹೋಗಲು 16 ಸೆಕೆಂಡು ಬೇಕು. ಅರ್ಜಿಯ ಜಾಲತಾಣವು ಅಷ್ಟು ದೊಡ್ಡದನ್ನು ಒಪ್ಪದಿದ್ದರೆ? ಮುಂಡರಗಿಯ ಹುಡುಗನೊಬ್ಬ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಗೆಳೆಯನಿಗೆ ಕಳಿಸಿ ಮರಳಿ ತರಿಸಿಕೊಂಡು, ಅದು ಸಣ್ಣದಾಗಿರುವುದನ್ನು ತೋರಿಸಿದನು! ಉಪಾಯ ಸರಿಯೇ, ಆ ಸಾಧನ ಚಿತ್ರವನ್ನು ಸಾಗಿಸುವಾಗ ಕುಗ್ಗಿಸುತ್ತದೆ. ಆದರೆ ಅಂಕಪಟ್ಟಿಯ ಸಣ್ಣಕ್ಷರಗಳು ಮಸುಕಾಗಿದ್ದವು. ಉದ್ದಗಲಗಳೆರಡನ್ನೂ ಕಾಲುಭಾಗಕ್ಕೆ ಇಳಿಸಿದರೆ ಬಿಂದುಗಳು ಹದಿನಾರನೆಯ ಒಂದಂಶವಾಗುತ್ತವೆಂಬ ಲೆಕ್ಕವನ್ನು ಕಂಡಮೇಲೆ, ಎಷ್ಟು ಕುಗ್ಗಿಸಿದರೆ ಅಕ್ಷರ ಓದಬರುವುದೆಂದು ಅವನೇ ಪರೀಕ್ಷಿಸಿ ನಿಶ್ಚಯಿಸಿದನು.

ಹೆಚ್ಚಿನವರು ಎಡವಿದ್ದು ಮೂರನೆಯ ಘಟಕದಲ್ಲಿ, ಅಂದರೆ ಕನ್ನಡದಲ್ಲಿ ಒಂದು ಪುಟದ ಪತ್ರವನ್ನು ಬೆರಳಚ್ಚು ಮಾಡುವಲ್ಲಿ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಮೂಡುವುದರಿಂದ ಕಲಿಯುವುದು ಸುಲಭ. ಒತ್ತಕ್ಷರ ಬಂದಾಗ ಮಾತ್ರ ಕೈ ತಡೆಯುತ್ತದೆ. 'ಲಕ್ಷ್ಮೇಶ್ವರ' ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಯಂತ್ರಕ್ಕೆ ಅದು ಹನ್ನೊಂದು ಸಂಕೇತಗಳು: ಲ, ಕ, ಹಲಂತದ ಗುರುತು, ಷ, ಮತ್ತೆ ಹಲಂತದ ಗುರುತು, ಮ, ಏಕಾರದ ಚಿಹ್ನೆ, ಶ, ಹಲಂತ, ವ, ರ. ಜಾಲದಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟಾಗಿ 33 ಬೈಟು. 'ಗದಗ'ಕ್ಕಾದರೋ ಒಂಬತ್ತೇ ಸಾಕು. ಮುದ್ರಣಾಲಯಗಳಿಗೆ ಹೆಸರಾದ ಈ ಅವಳಿ ನಗರದಲ್ಲಿ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಾಗದಗಳು ಇಂದಿಗೂ ಸಿಗುತ್ತವೆ. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ವಿನ್ಯಾಸವಿಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲು ಕೆಟ್ಟಿದೆಯೆಂದು ಅದನ್ನು ಅಳಿಸಿಹಾಕಿದವರೂ ನಮ್ಮಲ್ಲಿದ್ದರು.

ಮೊದಲು ಹೇಳಿದ ವಿದ್ಯಾರ್ಥಿನಿ ಈ ಘಟಕಕ್ಕೆ ಮೂರು ವಾರ ತೆಗೆದುಕೊಂಡಳು. ಮನೆಯಲ್ಲಿ ಕೀಲಿಮಣೆಯಿಲ್ಲ, ಕಾಲೇಜಿನ ಯಂತ್ರವೊಂದೇ ಗತಿ, ಊರಿನ ಬಸ್ಸು ತಪ್ಪಿಸುವಂತಿಲ್ಲ. ಮುಗಿಸಿದ ಮೇಲೆ ಮೊದಲು ಬರೆದ ಪತ್ರ, ತನ್ನ ಖಾತೆಯ ಇ-ಮೇಲ್ ವಿಳಾಸವನ್ನು ಬದಲಾಯಿಸಬೇಕೆಂಬ ಕೋರಿಕೆ. ಈ ವರ್ಷ ಅವಳು ಹೊಸಬರ ಪಕ್ಕದಲ್ಲಿ ಕೂಡುವ ಸರದಿಯಲ್ಲಿದ್ದಾಳೆ. ವಾರಕ್ಕೆ ಎರಡು ದಿನ, ಮಧ್ಯಾಹ್ನದ ಬಸ್ಸಿನ ಹೊತ್ತಿನವರೆಗೆ.