ನಿಮ್ಮ ಹೋಳಿಗೆ ಮನೆ ಮ್ಯಾಪಿನಲ್ಲಿದೆಯಾ?

ಯುಗಾದಿ ಹತ್ತಿರ ಬಂದರೆ ಸಾಕು, ‘ಹೋಳಿಗೆ ನಿಯರ್ ಮಿ’ ಅಂತ ಫೋನಿನಲ್ಲಿ ಹುಡುಕುವವರು ಶುರು. ನೀವು ಪಕ್ಕದ ಕ್ರಾಸಿನಲ್ಲೇ ಬಿಸಿಬಿಸಿ ಕಾಯಿಹೋಳಿಗೆ ತಟ್ಟುತ್ತಿದ್ದರೂ ಅವರಿಗೆ ಕಾಣುವುದು ಎಲ್ಲೋ ದೂರದ ಅಂಗಡಿ. ರುಚಿಯ ಮಾತು ಆಮೇಲೆ, ನಿಮ್ಮ ಹೆಸರು ಗೂಗಲ್ ಮ್ಯಾಪಿನಲ್ಲೇ ಇಲ್ವಲ್ಲ!

ಸೇರಿಸೋಕೆ ಒಂದು ಪೈಸೆ ಖರ್ಚಿಲ್ಲ. ಮೊದಲು ‘ಗೂಗಲ್ ಮೈ ಬಿಸಿನೆಸ್’ ಅಂತಿದ್ದದ್ದು 2021ರಿಂದ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಆಗಿದೆ. ಯಾರನ್ನು ಮೇಲೆ ತೋರಿಸಬೇಕು ಅನ್ನೋದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ: ಗ್ರಾಹಕರು ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಇರುವ ಹೊಂದಿಕೆ, ದೂರ, ಮತ್ತು ನೀವೆಷ್ಟು ಹೆಸರುವಾಸಿ ಅನ್ನುವುದು. ದೂರ ನಮ್ಮ ಕೈಲಿಲ್ಲ. ಉಳಿದೆರಡಕ್ಕೆ ಕೈಹಾಕಬಹುದು.

ಮನೆಯಿಂದಲೇ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಮೊದಲ ಹೆದರಿಕೆ ವಿಳಾಸದ್ದು. ಕಂಡಕಂಡವರು ಮನೆ ಬಾಗಿಲಿಗೆ ಬಂದರೆ? ಸಹಜ. ಆದರೆ ಗ್ರಾಹಕರು ಮನೆಗೆ ಬರುವುದಿಲ್ಲ, ನೀವೇ ತಲುಪಿಸುತ್ತೀರಿ ಅಂತಾದರೆ ವಿಳಾಸ ಮುಚ್ಚಿಡಬಹುದು. ಯಾವ್ಯಾವ ಬಡಾವಣೆಗೆ ಕೊಡ್ತೀರಿ ಅಂತಷ್ಟೇ ಹಾಕಿ. 20 ಪ್ರದೇಶಗಳವರೆಗೆ ಅವಕಾಶವಿದೆ. ನಿಜವಾದ ವ್ಯಾಪಾರವೇ ಅಂತ ಖಾತ್ರಿ ಮಾಡಿಕೊಳ್ಳೋಕೆ ಗೂಗಲ್ ವಿಡಿಯೊ ಕೇಳಬಹುದು. ಕೆಲಸದ ಜಾಗ, ಸಾಮಾನು ತೋರಿಸಿ.

ಹೆಸರಿನ ಜೊತೆ ‘ಬೆಸ್ಟ್ ಹೋಳಿಗೆ ಚಕ್ಲಿ ಕೋಡುಬಳೆ ಜಯನಗರ’ ಅಂತ ಬಾಲ ಅಂಟಿಸುವ ಚಟ ಕೆಲವರಿಗಿದೆ. ಇದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ತಡೆಹಿಡಿಯಬಹುದು. ನೋಡೋಕೂ ಚೆನ್ನಾಗಿರಲ್ಲ ಬಿಡಿ. ಏನೇನು ಮಾಡ್ತೀರಿ ಅನ್ನೋದನ್ನ ವಿವರಣೆಯಲ್ಲಿ ಬರೆಯಿರಿ, ಕನ್ನಡದಲ್ಲೂ ಬರೆಯಿರಿ. ಫೋಟೊ ನಿಮ್ಮದೇ ಇರಲಿ, ಇಂಟರ್‌ನೆಟ್ಟಿನಿಂದ ಎತ್ತಿದ್ದು ಬೇಡ.

ರಿವ್ಯೂ ಕೇಳೋಕೆ ಸಂಕೋಚವೇಕೆ? ಡಬ್ಬಿ ಕೊಟ್ಟ ಮಾರನೇ ದಿನ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿ, ‘ಹೇಗಿತ್ತು, ಎರಡು ಸಾಲು ಬರೀರಿ’ ಅನ್ನಿ. ಅದಕ್ಕೆ ಪ್ರತಿಯಾಗಿ ರಿಯಾಯಿತಿ ಕೊಡುವಂತಿಲ್ಲ. ‘ಹೂರಣ ಗಟ್ಟಿಯಾಗಿತ್ತು’ ಅಂತ ಯಾರಾದರೂ ಬರೆದರೆ ಜಗಳಕ್ಕೆ ನಿಲ್ಲದೆ, ಸಮಾಧಾನವಾಗಿ ಉತ್ತರ ಕೊಡಿ. ಆ ಉತ್ತರವನ್ನು ಹೊಸ ಗ್ರಾಹಕರೂ ಓದ್ತಾರೆ.

ಹಬ್ಬದ ದಿನಗಳ ಸಮಯವನ್ನು ಬೇರೆಯಾಗಿ ತುಂಬಬಹುದು. ಹಾಗೇ ಆಗಾಗ ಇಣುಕಿ ನೋಡ್ತಿರಿ. ನಿಮ್ಮ ಫೋನ್ ನಂಬರೋ ಸಮಯವೋ ತಪ್ಪಿದೆ ಅಂತ ತಿದ್ದುಪಡಿ ಸೂಚಿಸುವ ಅವಕಾಶ ಯಾರಿಗೆ ಬೇಕಾದರೂ ಇದೆ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ ಮೇಡಂ, ದುಡ್ಡು ಕಟ್ಟಿದ್ರೆ ಮೊದಲನೇ ಸ್ಥಾನ’ ಅಂತ ಫೋನ್ ಬಂದರೆ ನಂಬಬೇಡಿ. ದುಡ್ಡು ಕೊಟ್ಟರೆ ಜಾಹೀರಾತು ಸಿಗುತ್ತದೆ, ಮಾಮೂಲಿ ಪಟ್ಟಿಯಲ್ಲಿ ಜಾಗ ಮಾರಾಟಕ್ಕಿಲ್ಲ. ಒಟಿಪಿ ಕೇಳಿದರಂತೂ ಫೋನ್ ಇಟ್ಟುಬಿಡಿ.